ಥೀಸಿಸ್ ಮುಗಿಯಿತು, ಮೊದಲ ಥ್ಯಾಂಕ್ಸ್ ಅವ್ವನಿಗೆ

ಹೋದ ವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಆರು ವರ್ಷ ಹಿಡಿಯಿತು. ನಾಲ್ಕೇ ವರ್ಷ ಅಂತ ಊರೆಲ್ಲ ಹೇಳಿಕೊಂಡು ಹೊರಟಿದ್ದೆ, ಅದನ್ನು ದಯವಿಟ್ಟು ಮರೆತುಬಿಡಿ.

ಅಮೆರಿಕದ ಗುಲಾಮಗಿರಿ ಗದಗಿನ ಹುಡುಗಿಗೆ ಯಾಕೆ ಬೇಕಿತ್ತು ಅಂತ ಕೇಳಿದವರು ಬಹಳ. ಎರಡನೇ ವರ್ಷ ರಜೆಗೆ ಬಂದಾಗ ಅವ್ವನಿಗೆ ಹತ್ತಿಯಿಂದ ಕಾಳು ಬೇರೆ ಮಾಡುವ ಜಿನ್ ಯಂತ್ರದ ಕತೆ ಹೇಳುತ್ತಿದ್ದೆ. ಅಲ್ಲಿನ ಹತ್ತಿಯ ಕಾಳು ಅರಳೆಯನ್ನು ಬಿಡುತ್ತಲೇ ಇರಲಿಲ್ಲ. ಒಬ್ಬರು ಇಡೀ ದಿನ ಕೂತು ಕಾಳು ತೆಗೆದರೆ ಅರ್ಧ ಕೇಜಿ ಅರಳೆ. 1793ರಲ್ಲಿ ಎಲಿ ವಿಟ್ನಿಯ ಯಂತ್ರ ಬಂತು, ಆ ಕಷ್ಟ ತಪ್ಪಿತು. "ಹಂಗಾದ್ರೆ ಗುಲಾಮರು ಕಮ್ಮಿ ಆಗಬೇಕಿತ್ತಲ್ಲವ್ವ, ಜಾಸ್ತಿ ಯಾಕಾದ್ರು?" ಅಂದೆ. ಸುಮ್ನೆ ಕೇಳಿದ್ದು. ವರ್ಷಗಟ್ಟಲೆ ಕೂಲಿಗೆ ಹತ್ತಿ ಬಿಡಿಸಿದ ಅವ್ವ ಅಂದಳು: "ಕಾಳು ತಗಿಯೋದು ಮಷಿನ್. ಹೊಲದಾಗ ಬಿಡಿಸೋದು ಕೈನ ಅಲ್ಲೇನು?"

ನನ್ನ ಮೂರನೇ ಅಧ್ಯಾಯ ಪೂರ್ತಿ ಆ ಮಾತೇ. ಯಂತ್ರ ಎಷ್ಟು ತಿಂದರೂ ಸಾಲದು, ಹೊಲ ಹೆಚ್ಚಬೇಕು, ಕೈ ಹೆಚ್ಚಬೇಕು. 1808ರಿಂದ ಹೊರಗಿನಿಂದ ಗುಲಾಮರನ್ನು ತರುವುದು ನಿಷೇಧವಾಯಿತು. ಆಮೇಲೆ ವರ್ಜೀನಿಯಾ, ಮೇರಿಲ್ಯಾಂಡಿನ ಗುಲಾಮರನ್ನು ಹತ್ತಿ ಬೆಳೆಯುವ ಅಲಬಾಮಾ, ಮಿಸಿಸಿಪ್ಪಿ, ಲೂಸಿಯಾನಾಕ್ಕೆ ಮಾರಿದರು. ಸರಪಳಿ ಹಾಕಿ ನೂರಾರು ಮೈಲಿ ನಡೆಸಿದರು. 1861ರಲ್ಲಿ ಉತ್ತರ, ದಕ್ಷಿಣದ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾಗುವ ಹೊತ್ತಿಗೆ, ಮಾರಾಟವಾಗಿಯೋ ಒಡೆಯರ ಜೊತೆಗೋ ಇನ್ನೂ ದಕ್ಷಿಣಕ್ಕೆ ಹೋದವರು ಸುಮಾರು 10 ಲಕ್ಷ. 1790ರಲ್ಲಿ ಗುಲಾಮರು 7 ಲಕ್ಷ ಇದ್ದರು, 1860ರಲ್ಲಿ 39 ಲಕ್ಷ ದಾಟಿದ್ದರು. ಮಾರಾಟದ ಚೀಟಿಗಳಲ್ಲಿ ಮಗುವಿನ ಹೆಸರು, ವಯಸ್ಸು, ಬೆಲೆ ಒಂದೇ ಸಾಲಿನಲ್ಲಿ ಇರುತ್ತಿದ್ದವು. ಒಂದು ದಿನ ಪೆಟ್ಟಿಗೆ ಮುಚ್ಚಿಸಿ, ಎಬ್ಬಿಸಿ ಕಾಫಿಗೆ ಕರೆದುಕೊಂಡು ಹೋದ ದಾಖಲೆ ಕೋಣೆಯ ಹಿರಿಯರೇ, ನಿಮಗೆ ಕೈ ಮುಗಿಯುತ್ತೇನೆ.

ನನ್ನ ಗೈಡ್ ಮೇಡಂಗೂ. ಅಂತರ್ಯುದ್ಧವನ್ನು ಕೇಂದ್ರದ ವಿರುದ್ಧ ರಾಜ್ಯಗಳ ಹಕ್ಕಿನ ಜಗಳ ಅಂತ ಬರೆದಿದ್ದೆ. ಅವರು ಪಕ್ಕದಲ್ಲಿ ಎರಡೇ ಪದ ಬರೆದರು: "ಯಾವ ಹಕ್ಕು?" ಸಿಟ್ಟು ಬಂತು. ಆಮೇಲೆ 1850ರ ಓಡಿಹೋದ ಗುಲಾಮರ ಕಾಯ್ದೆ ಓದಿದೆ. ಉತ್ತರದ ರಾಜ್ಯಗಳು ಬೇಡವೆಂದರೂ ಕೇಂದ್ರ ಸರ್ಕಾರವೇ ಜನರನ್ನು ಹಿಡಿದುಕೊಡಬೇಕು ಅಂತ ಹಠ ಹಿಡಿದವರು ದಕ್ಷಿಣದವರೇ! ಹಿಡಿದವರನ್ನು ಒಡೆಯನಿಗೆ ಒಪ್ಪಿಸಿದರೆ ತೀರ್ಪು ಕೊಡುವ ಕಮಿಷನರಿಗೆ 10 ಡಾಲರ್, ಬಿಟ್ಟರೆ 5. ಇಡೀ ಅಧ್ಯಾಯ ಹರಿದು ಮತ್ತೆ ಬರೆದೆ.

ನಾನಿದ್ದ ಊರು ಕಾನ್ಸಸ್‌ನ ಲಾರೆನ್ಸ್. ಗುಲಾಮಗಿರಿ ಬೇಕೋ ಬೇಡವೋ ಅನ್ನುವುದನ್ನು ಅಲ್ಲಿನ ನೆಲಸಿಗರೇ ತೀರ್ಮಾನಿಸಲಿ ಅಂತ 1854ರಲ್ಲಿ ಕಾನೂನು ಬಂತು. ಪಕ್ಕದ ಮಿಸೌರಿಯಿಂದ ಗುಲಾಮಗಿರಿ ಬೇಕೆನ್ನುವ ಜನ ಬಂದೂಕು ಹಿಡಿದು ಬಂದು ವೋಟು ಹಾಕಿ ಹೋದರು. 1856ರ ಮೇ 21ಕ್ಕೆ ಗುಲಾಮಗಿರಿ ಬೇಡವೆನ್ನುವವರ ಊರಾದ ಲಾರೆನ್ಸಿನ ಹೋಟೆಲು, ಪತ್ರಿಕೆಗಳ ಅಚ್ಚುಯಂತ್ರ ಎಲ್ಲ ಹಾಳು ಮಾಡಿದರು. ಮೂರೇ ದಿನದಲ್ಲಿ ಗುಲಾಮಗಿರಿ ವಿರೋಧಿ ಜಾನ್ ಬ್ರೌನ್ ಕಡೆಯವರು ಕಾನ್ಸಸ್ಸಿನ ಇನ್ನೊಂದು ಕಡೆ ಗುಲಾಮಗಿರಿ ಪರದ ಐದು ಜನರನ್ನು ಕೊಂದರು. ನಾನು ದಿನಾ ತರಕಾರಿ ಚೀಲ ಹಿಡಿದು ಓಡಾಡುತ್ತಿದ್ದದ್ದು ಆ ಲಾರೆನ್ಸಿನ ಬೀದಿಗಳಲ್ಲೇ.

ನಾಲ್ಕನೇ ವರ್ಷ ಸ್ಕಾಲರ್‌ಶಿಪ್ ನಿಂತಿತು. ಆಗ ದಾವಣಗೆರೆಯ ಅಕ್ಕ, ಭಾವ ಎಂಟು ತಿಂಗಳು ಬಾಡಿಗೆ ಕೇಳದೆ ರೂಮು ಕೊಟ್ಟರು. ಬೆಣ್ಣೆದೋಸೆ ಬೇರೆ. ಅಕ್ಕಾ, ಆ ಲೆಕ್ಕ ನಾನು ತೀರಿಸಲ್ಲ.

ಮುಂದಿನ ತಿಂಗಳು ಊರಿಗೆ ಬರುತ್ತೇನೆ. ಅವ್ವನಿಗೆ ಇಂಗ್ಲಿಷ್ ಬರಲ್ಲ. ಮೂರನೇ ಅಧ್ಯಾಯವನ್ನು ನಾನೇ ಕೂತು ಹೇಳಬೇಕು. ತಪ್ಪಿದ್ದರೆ ಅವಳು ಬಿಡುವವಳಲ್ಲ.