ಸಚಿವರೇ, ಎಲ್‌ಆರ್ ಅಂದ್ರೆ ಆರತಿ ತಟ್ಟೆ ಹಿಡಿಯೋಳಲ್ಲ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ ನಮಸ್ಕಾರ.

ಸರ್, ಕಾಲೇಜ್ ಚುನಾವಣೆ ವಾಪಸ್ ತರ್ಬೇಕು ಅನ್ನೋ ಮಾತು ಮತ್ತೆ ಮತ್ತೆ ಏಳ್ತಾ ಇರುತ್ತಲ್ಲ, ಅದಕ್ಕೇ ಬರೀತಿದೀನಿ. ನಾನು ಒಂದು ಡಿಗ್ರಿ ಕಾಲೇಜಲ್ಲಿ ಬಿಕಾಂ ಲಾಸ್ಟ್ ಇಯರ್‌ನಲ್ಲಿ ಎಲ್‌ಆರ್ ಆಗಿದ್ದೆ, ಲೇಡೀಸ್ ರೆಪ್ರೆಸೆಂಟೇಟಿವ್. ಆಗಿದ್ದೆ ಅನ್ನೋದಕ್ಕಿಂತ ಮಾಡಿದ್ರು ಅನ್ಬೇಕು. ಮೇಷ್ಟ್ರು ಬಂದು ಹೋದ್ವರ್ಷ ಹುಡ್ಗೀರಲ್ಲಿ ಜಾಸ್ತಿ ಮಾರ್ಕ್ಸ್ ಯಾರ್ದಮ್ಮ ಅಂದ್ರು, ನಾನು ಎದ್ದು ನಿಂತೆ, ನೀನೇ ಎಲ್‌ಆರ್ ಕೂತ್ಕೋ ಅಂದ್ರು, ಮುಗೀತು ಎಲೆಕ್ಷನ್.

ವರ್ಷ ಪೂರ್ತಿ ಮಾಡಿದ್ದೇನು ಅಂದ್ರೆ ರಂಗೋಲಿಗೆ ಹುಡ್ಗೀರ್ನ ಸೇರ್ಸೋದು, ಗೆಸ್ಟ್ ಬಂದ್ರೆ ಆರತಿ ತಟ್ಟೆ ಹಿಡ್ಕೊಂಡು ಗೇಟಲ್ಲಿ ಒಂದೂವರೆ ಗಂಟೆ ಬಿಸಿಲಲ್ಲಿ ನಿಲ್ಲೋದು (ಗೆಸ್ಟ್‌ಗಳು ಟೈಮಿಗೆ ಬರಲ್ಲ, ನಿಮ್ಗೆ ಗೊತ್ತಿರೋದೇ), ಸ್ವಾಗತ ಗೀತೆಯವ್ರಿಗೆ ಯಾವ್ ಕಲರ್ ಸೀರೆ ಅಂತ ಡಿಸೈಡ್ ಮಾಡೋದು. ನಮ್ ಮೇಲಿನ ಫ್ಲೋರ್ ಟಾಯ್ಲೆಟ್‌ಗೆ ಚಿಲಕ ಇರ್ಲಿಲ್ಲ. ಗೆಳತಿ ಹೊರಗೆ ಕಾವಲು ನಿಲ್ಬೇಕು, ಯಾರೂ ಸಿಗ್ಲಿಲ್ವಾ, ವೇಲ್‌ನ ಬಾಗ್ಲ ಹಿಡಿಗೆ ಸುತ್ತಿ ಒಳಗಿಂದ ಎಳ್ಕೊಂಡು ಕೂತ್ಕೋಬೇಕು. ಮೂರು ಸಲ ಲೆಟರ್ ಕೊಟ್ಟೆ. ಮೀಟಿಂಗಲ್ಲಿ ಇಡ್ತೀವಮ್ಮ ಅಂದ್ರು. ಆ ಮೀಟಿಂಗಿಗೆ ನನ್ನ ಯಾರೂ ಕರೀಲಿಲ್ಲ.

ಇನ್ನೊಂದು ಹೇಳ್ಬೇಕು. ಕಾಲೇಜಿಗೆ ಗ್ರೇಡ್ ಕೊಡೋ ನ್ಯಾಕ್ ಟೀಮ್ ಬರೋ ಹಿಂದಿನ ದಿನ ನೋಟಿಸ್ ಬೋರ್ಡಲ್ಲಿ ಒಂದು ಶೀಟ್ ಅಂಟ್ಸಿದ್ರು, ನೋಡ್ತೀನಿ, ಐಸಿಸಿ ಮೆಂಬರ್ ಅಂತ ನನ್ ಹೆಸ್ರು! ಲೈಂಗಿಕ ಕಿರುಕುಳದ ದೂರು ಕೇಳೋ ಕಮಿಟಿ ಸರ್ ಅದು, ನಾನು ಅದ್ರಲ್ಲಿರೋದು ನನಗೇ ಗೊತ್ತಿಲ್ಲ. ಈ ಕಮಿಟಿ ಬಗ್ಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2015ರ ನಿಯಮ ಓದಿದ್ದು ಕಾಲೇಜ್ ಬಿಟ್ಮೇಲೆ. ವಿದ್ಯಾರ್ಥಿಗಳ ವಿಷ್ಯ ಬಂದಾಗ ಡಿಗ್ರಿ, ಪಿಜಿ, ರಿಸರ್ಚ್ ಹಂತದಿಂದ ಒಟ್ಟು ಮೂರು ಜನ ಸ್ಟೂಡೆಂಟ್ಸ್ ಕಮಿಟೀಲಿ ಇರ್ಬೇಕು, ಅವ್ರನ್ನ ಪಾರದರ್ಶಕವಾಗಿ ಚುನಾಯಿಸ್ಬೇಕು ಅಂತ ಅದ್ರಲ್ಲಿ ಸ್ಪಷ್ಟವಾಗಿದೆ. ನಮ್ ರಾಜ್ಯದಲ್ಲಿ ಕ್ಯಾಂಪಸ್ ಎಲೆಕ್ಷನ್ ನಿಂತು ಮೂವತ್ತೈದು ವರ್ಷದ ಮೇಲಾಯ್ತು, ಆದ್ರೆ ಈ ಆಯ್ಕೆಗೆ ಯೂನಿಯನ್ ಬೇಕಾಗೇ ಇಲ್ಲ, ಒಂದು ಡಬ್ಬ ಒಂದಷ್ಟು ಚೀಟಿ ಸಾಕು.

ದೊಡ್ಡ ಎಲೆಕ್ಷನ್ ತಂದ್ರೆ ಗಲಾಟೆ, ದುಡ್ಡು ಅಂತಾರೆ. ಕಾಲೇಜ್ ಚುನಾವಣೆ ಹೇಗೆ ನಡೀಬೇಕು ಅಂತ ಹೇಳೋಕೆ ಮಾಡಿದ್ದ ಲಿಂಗ್ಡೋ ಕಮಿಟಿ 2006ರಲ್ಲೇ ಒಬ್ಬ ಕ್ಯಾಂಡಿಡೇಟ್ 5000 ರೂಪಾಯಿ ಮೇಲೆ ಖರ್ಚು ಮಾಡ್ಬಾರ್ದು, ಪ್ರಿಂಟ್ ಮಾಡ್ಸಿದ ಪೋಸ್ಟರ್ ಹಾಕ್ಬಾರ್ದು ಅಂದಿದೆ, ಸುಪ್ರೀಂ ಕೋರ್ಟೂ ಒಪ್ಪಿದೆ. ನನ್ ಭಯ ಅದಲ್ಲ. ಎಲೆಕ್ಷನ್ ಬಂದ್ಮೇಲೂ ಅಧ್ಯಕ್ಷ, ಕಾರ್ಯದರ್ಶಿ ಎಲ್ಲಾ ಹುಡುಗ್ರೇ ಆಗಿ, ಹುಡ್ಗೀರ್ಗೆ ಅಂತ ಒಂದು ಎಲ್‌ಆರ್ ಪೋಸ್ಟ್ ಬಿಸಾಕ್ತಾರಲ್ಲ, ಅದು.

ಹುಡ್ಗೀರು ನಿಲ್ಲೋದೇ ಇಲ್ಲ ಅಂತೀರಾ? ನಮ್ಮಮ್ಮ 2020ರಲ್ಲಿ ಮೀಸಲಾತಿ ಇತ್ತು ಅಂತ ಗ್ರಾಮ ಪಂಚಾಯ್ತಿಗೆ ನಿಂತು ಗೆದ್ದೋಳು. ಶುರುನಲ್ಲಿ ಅಪ್ಪಾನೇ ಮೀಟಿಂಗಿಗೆ ಹೋಗ್ತಿದ್ರು, ಅಮ್ಮ ಮನೇಲಿ ಸೈನ್ ಹಾಕೋಳು. ಒಂದಿನ ನಮ್ ಬೀದಿ ನಲ್ಲಿ ವಿಷ್ಯ ಅಪ್ಪ ಮರ್ತು ಬಂದ್ರು ನೋಡಿ, ಮುಂದಿನ ಮೀಟಿಂಗಿಂದ ಅಮ್ಮಾನೇ ಹೊರಟ್ಲು, ಆಮೇಲೆ ಪಿಡಿಓ ಎಸ್ಟಿಮೇಟ್ ತೋರಿಸ್ದೆ ಇದ್ರೆ ಸೈನ್ ಹಾಕ್ತಿರ್ಲಿಲ್ಲ. ಮಹಿಳೆಯರಿಗೆ ಪಂಚಾಯ್ತೀಲಿ 25 ಪರ್ಸೆಂಟ್ ಕೊಟ್ಟು 1987ರಲ್ಲೇ ಎಲೆಕ್ಷನ್ ಮಾಡಿದ ರಾಜ್ಯ ನಮ್ದು, ಆಮೇಲೆ 50 ಮಾಡಿದೀವಿ. ಪಿಯುಸಿನೂ ಮುಗಿಸ್ದೇ ಇರೋ ನಮ್ಮಮ್ಮಂಗೆ ಸಿಕ್ಕಿದ್ದು ಬಿಕಾಂ ಓದಿದ ನಂಗ್ಯಾಕೆ ಸಿಗ್ಲಿಲ್ಲ?

ಹಂಗಾಗಿ ನಿಯಮ ಬರೆಯೋವಾಗ ಅರ್ಧ ಹುದ್ದೆ ಹುಡ್ಗೀರ್ಗೆ ಇಡಿ, ಅಧ್ಯಕ್ಷ ಸ್ಥಾನಾನೂ ಪಂಚಾಯ್ತಿ ಥರ ಸರದಿ ಮೇಲೆ ಬರ್ಲಿ. ಅದಕ್ಕೆ ಟೈಮ್ ಹಿಡಿಯುತ್ತೆ, ಒಪ್ತೀನಿ. ಐಸಿಸಿ ಸ್ಟೂಡೆಂಟ್ ಮೆಂಬರ್‌ಗಳನ್ನ ಓಟ್ ಹಾಕ್ಸಿ ಆರಿಸ್ಬೇಕು ಅಂತ ಒಂದು ಸುತ್ತೋಲೆ ಮಾತ್ರ ಈ ತಿಂಗ್ಳೇ ಕಳ್ಸಬಹುದು.

ಚಿಲಕ ಇನ್ನೂ ಹಾಕಿಲ್ವಂತೆ ಸರ್, ಜೂನಿಯರ್ ಒಬ್ಳು ಮೊನ್ನೆ ಮೆಸೇಜ್ ಮಾಡಿದ್ಲು.

ಇಂತಿ,
ಒಬ್ಬ ಮಾಜಿ ಎಲ್‌ಆರ್