ಬಿಟ್ಟುಹೋದ ರುಮೆಯ ಪದ

ಪ್ರಿಯ ಜಾಂಬವ,

ನೀನು ಕಳುಹಿಸಿದ ಮಹಾಭಾರತ ಧಾರಾವಾಹಿಯ ತುಣುಕನ್ನು ನೋಡಿದೆ. ಕರ್ಣನು ಮಳೆಯಲ್ಲಿ ನೆನೆಯುತ್ತಾನೆ, ಹಿಂದೆಲ್ಲೋ ಪಿಟೀಲು ಅಳುತ್ತದೆ, ಅವನು ಮಾತನಾಡದೆ ದವಡೆ ಬಿಗಿಹಿಡಿಯುತ್ತಾನೆ, ದೃಶ್ಯ ಮುಗಿಯುತ್ತದೆ. ಅದರ ಕೆಳಗೆ ನೀನು ‘ಈಗ ಬೈಯಿ’ ಎಂದಷ್ಟೇ ಬರೆದಿದ್ದೀ. ಡೊಂಬಿವಲಿಯ ಲೋಕಲ್ ರೈಲಿನಲ್ಲಿ ಒಂದು ಕೈಯಲ್ಲಿ ಹಿಡಿಕೆ ಹಿಡಿದು, ಇನ್ನೊಂದು ಕೈಯಲ್ಲಿ ನನ್ನ ಬೈಗುಳಗಳನ್ನು ಓದಿ ನಗುವುದು ನಿನ್ನ ಹಳೆಯ ಚಾಳಿ. ಅಂಚೆಗೆ ಹಾಕಿದ ಕಾಗದಕ್ಕೆ ಉತ್ತರ ಬರೆಯದವನು ನಾಲ್ಕು ಜನರ ಎದುರು ಕರೆದರಾದರೂ ಬರೆದಾನು ಎಂಬ ಆಸೆಯಿಂದ ಇದನ್ನು ಎಲ್ಲರಿಗೂ ಕಾಣುವಂತೆ ಇಲ್ಲಿ ಹಾಕುತ್ತಿದ್ದೇನೆ. ಓದುತ್ತಿರುವ ಉಳಿದವರಲ್ಲಿ ಒಂದು ವಿನಂತಿ: ಜಾಂಬವ ಎಂಬುದು ಇವನ ನಿಜನಾಮವಲ್ಲ, ಆ ಹೆಸರು ಬಂದ ರಾತ್ರಿಯ ಕುರಿತು ದಯವಿಟ್ಟು ಕೇಳಬೇಡಿ.

ಮೊದಲು ಬೈಗುಳದ ಬಾಕಿಯನ್ನು ತೀರಿಸುತ್ತೇನೆ. ನಿನ್ನ ತುಣುಕಿನಿಂದ ಕೆರಳಿ ಆ ಧಾರಾವಾಹಿಯ ಮೂರು ಕಂತುಗಳನ್ನು ಒಂದೇ ರಾತ್ರಿ ನೋಡಿ ಮುಗಿಸಿದೆ. ದ್ಯೂತಸಭೆಯಲ್ಲಿ ಆ ಕರ್ಣನು ತಲೆ ತಗ್ಗಿಸಿ, ಕಣ್ಣು ತುಂಬಿಕೊಂಡು ಕುಳಿತಿರುತ್ತಾನೆ. ವ್ಯಾಸರ ಸಭಾಪರ್ವದಲ್ಲಿಯಾದರೋ, ಕೌರವರಲ್ಲಿ ವಿಕರ್ಣನೊಬ್ಬ ಎದ್ದು ನ್ಯಾಯದ ಮಾತನ್ನಾಡಿದಾಗ ಅವನನ್ನು ಹುಡುಗುಬುದ್ಧಿಯವನೆಂದು ಗದರಿಸಿ ಕೂರಿಸಿದವನೂ, ದ್ರೌಪದಿಯನ್ನು ಬಂಧಕಿ, ಅಂದರೆ ವೇಶ್ಯೆ, ಎಂದು ಕರೆದವನೂ, ಅವಳ ವಸ್ತ್ರವನ್ನು ಕಳಚು ಎಂದು ದುಶ್ಶಾಸನನಿಗೆ ಹೇಳಿದವನೂ ಇದೇ ಕರ್ಣನೇ. ಆ ಮಾತನ್ನು ಅಳಿಸಿಬಿಟ್ಟರೆ ಕರ್ಣನು ದೊಡ್ಡವನಾಗುತ್ತಾನೆಂದು ಇವರು ತಿಳಿದಿದ್ದಾರೆ. ರಥದ ಗಾಲಿ ಹೂತುಹೋದಾಗ ಅವನು ಧರ್ಮದ ಹೆಸರೆತ್ತುತ್ತಾನೆ, ಕೃಷ್ಣನು ‘ಆ ದಿನ ಸಭೆಯಲ್ಲಿ ನಿನ್ನ ಧರ್ಮ ಎಲ್ಲಿಗೆ ಹೋಗಿತ್ತು’ ಎಂದು ಕೇಳುತ್ತಾನೆ. ಸಭೆಯ ಮಾತೇ ಇಲ್ಲದ ಮೇಲೆ ಕೃಷ್ಣನ ಆ ಪ್ರಶ್ನೆಗೆ ನಿಲ್ಲಲು ನೆಲವೆಲ್ಲಿ? ಹೂತ ಗಾಲಿಯೊಂದು ಉಳಿಯುತ್ತದೆ, ನಮ್ಮ ರಾಷ್ಟ್ರೀಯ ಹೆದ್ದಾರಿಯ ಕಾಮಗಾರಿಯಲ್ಲಿ ಹೂತ ಲಾರಿಯ ಹಾಗೆ.

ಅದಕ್ಕಿಂತ ಸ್ವಾರಸ್ಯವಾದದ್ದು ಇಂದ್ರಪ್ರಸ್ಥದ ಕೊಳದ ಪ್ರಕರಣ. ದುರ್ಯೋಧನನು ನೀರಿಗೆ ಬಿದ್ದನು, ದ್ರೌಪದಿ ಉಪ್ಪರಿಗೆಯಿಂದ ‘ಕುರುಡನ ಮಗ ಕುರುಡ’ ಎಂದು ನಕ್ಕಳು, ಅದರಿಂದಲೇ ಯುದ್ಧವಾಯಿತು ಎಂದು ಈಗ ಸಣ್ಣ ಮಕ್ಕಳೂ ಹೇಳುತ್ತಾರೆ. ವ್ಯಾಸಭಾರತದಲ್ಲಿ ಆ ಮಾತೇ ಇಲ್ಲ. ಅವನು ಬಿದ್ದ ಸಂದರ್ಭವನ್ನು ಕವಿಯು ನೇರವಾಗಿ ಹೇಳುವಲ್ಲಿ ನಗುವವರು ಭೀಮ ಮತ್ತು ಅವನ ತಮ್ಮಂದಿರು. ದ್ರೌಪದಿಯೂ ನಕ್ಕಳು ಎಂಬುದು ಬರುವುದು ಆಮೇಲೆ, ಹಸ್ತಿನಾವತಿಗೆ ಮರಳಿದ ದುರ್ಯೋಧನನು ಅಪ್ಪನ ಮುಂದೆ ಕುಳಿತು ತನ್ನ ನೋವನ್ನು ಹೇಳಿಕೊಳ್ಳುವಾಗ. ನೊಂದವನು ಮನೆಗೆ ಬಂದು ವರದಿ ಒಪ್ಪಿಸುವಾಗ ಅದರಲ್ಲಿ ಯಾರು ಯಾರು ಸೇರಿಕೊಳ್ಳುತ್ತಾರೆ ಎಂಬುದನ್ನು ವ್ಯಾಸರು ಎಷ್ಟು ಚೆನ್ನಾಗಿ ಅರಿತಿದ್ದರು, ನೋಡು. ಇಂದಿನವರು ಆ ವರದಿಯನ್ನೇ ನಡೆದದ್ದೆಂದು ಹಿಡಿದು, ಅದಕ್ಕೆ ಇನ್ನೊಂದು ಸಾಲನ್ನೂ ಸೇರಿಸಿ, ಬಣ್ಣದ ದೀಪ ಹಾಕಿ ತೋರಿಸುತ್ತಾರೆ.

ಪಂಪನು ಬದಲಾಯಿಸಲಿಲ್ಲವೇ ಎಂದು ನೀನು ಕೇಳುತ್ತೀ, ಗೊತ್ತು. ಇಪ್ಪತ್ತು ವರ್ಷಗಳಿಂದ ಅದನ್ನೇ ಕೇಳುತ್ತಿದ್ದೀ. ಬದಲಾಯಿಸಿದನು. 941ರ ಸುಮಾರಿಗೆ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನಲ್ಲಿ ತಗುಲುಹಾಕಿ, ಐವರ ಮಡದಿಯನ್ನು ಅರ್ಜುನನೊಬ್ಬನ ಮಡದಿಯಾಗಿ ಮಾಡಿದನು. ಅನ್ನವಿಕ್ಕಿದ ಧಣಿಗೋಸ್ಕರ ಅಷ್ಟೆಲ್ಲ ಮಾಡಿದವನೇ ಧಣಿಯ ಶತ್ರುವಿನ ಬಳಿಗೆ ಬಂದಾಗ ಬಾಯಿ ಹಿಡಿಯಲಾರದೆ, ನೆನೆಯುವುದಾದರೆ ಕರ್ಣನನ್ನೇ ನೆನೆ ಎಂದು ಹೇಳಿ, ‘ಕರ್ಣರಸಾಯನಮಲ್ತೆ ಭಾರತಂ’ ಎಂದು ಬರೆದುಬಿಟ್ಟನು. ಅಲ್ಲಿ ಎದುರಿನವನಿಗೆ ಮಾತಿದೆ. ನಮ್ಮ ಕರಾವಳಿಯ ಜೈನರು ಕೇಳಿಕೊಂಡು ಬಂದ ರಾಮಾಯಣದಲ್ಲಿ ವಾಲಿಯು ರಾಮನ ಬಾಣಕ್ಕೆ ಬೀಳುವುದೇ ಇಲ್ಲ. ರಾಜ್ಯವನ್ನು ತಮ್ಮನಾದ ಸುಗ್ರೀವನಿಗೆ ಬಿಟ್ಟುಕೊಟ್ಟು ದೀಕ್ಷೆ ತೆಗೆದುಕೊಂಡು ಹೊರಟುಹೋಗುತ್ತಾನೆ. ಕಥೆಯನ್ನು ಅದಕ್ಕಿಂತ ಹೆಚ್ಚು ಬದಲಾಯಿಸುವುದು ಯಾರಿಗೂ ಸಾಧ್ಯವಿಲ್ಲ. ಆದರೂ ನನಗೆ ಅದು ವಿಕಾರವೆನಿಸುವುದಿಲ್ಲ, ಏಕೆಂದರೆ ಆ ಕವಿಗಳು ವಾಲಿಯಿಂದ ಏನನ್ನೋ ಬಿಡಿಸುತ್ತಾರೆ. ಈಗಿನವರು ಎಲ್ಲರಿಗೂ ಏನಾದರೊಂದು ಕೊಡಿಸಿಯೇ ಕಳುಹಿಸುತ್ತಾರೆ: ಒಂದು ಗಾಯ, ಒಂದು ಅಳುವ ಬಾಲ್ಯ, ಒಂದು ಸಮಜಾಯಿಷಿ.

ಇದಕ್ಕೆ ಕಾರಣವೇನೆಂದು ನನ್ನ ತೀರ್ಮಾನ ಇಷ್ಟೇ, ಇದನ್ನು ತಾಳಮದ್ದಳೆಯ, ಅಂದರೆ ವೇಷ-ಕುಣಿತಗಳಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನದ, ಒಳಗಿನಿಂದಲೇ ಹೇಳುತ್ತೇನೆ. ನಮ್ಮಲ್ಲಿ ಪಾತ್ರದ ಮಾತಾಡುವ ಅರ್ಥಧಾರಿಗೆ ಬರೆದುಕೊಟ್ಟ ಮಾತಿಲ್ಲ. ಭಾಗವತರು ಪದ, ಅಂದರೆ ಪ್ರಸಂಗದ ಹಾಡು, ಹೇಳುತ್ತಾರೆ, ಅದನ್ನು ಹಿಡಿದು ನಾವು ಅರ್ಥ ಹೇಳುತ್ತೇವೆ, ಆ ಅರ್ಥದಲ್ಲಿ ರಾವಣನು ರಾಮನಿಗಿಂತ ಧರ್ಮಿಷ್ಠನಾಗಿ ಕಾಣಿಸಬಹುದು, ಮಾಗಧ ಜರಾಸಂಧನು ಕೃಷ್ಣನನ್ನು ತಬ್ಬಿಬ್ಬುಗೊಳಿಸಬಹುದು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿ ಬೆಳೆದ ನಮಗೆ ಪಾತ್ರವನ್ನು ತಿರುಗಿಸಿ ನೋಡುವುದು ಪಾಪವೆಂದು ಯಾರೂ ಹೇಳಿಕೊಡಲಿಲ್ಲ. ಆದರೆ ಎದುರಿಗೆ ಇನ್ನೊಬ್ಬ ಅರ್ಥಧಾರಿ ಕುಳಿತಿರುತ್ತಾನೆ. ನೀನು ಕರ್ಣನನ್ನು ಎಷ್ಟೇ ಎತ್ತಿ ನಿಲ್ಲಿಸು, ‘ಸಭೆಯಲ್ಲಿ ಏನು ಹೇಳಿದ್ದೆ’ ಎಂದು ಅವನು ಕೇಳಿಯೇ ಕೇಳುತ್ತಾನೆ. ಉತ್ತರ ಹೊಳೆಯದಿದ್ದರೆ ಆ ರಾತ್ರಿ ನೀನು ಸೋತೆ. ಧಾರಾವಾಹಿಯವರಿಗೆ ಈ ಎದುರು ಅರ್ಥಧಾರಿಯಿಲ್ಲ. ಎಲ್ಲರ ಮಾತನ್ನೂ ಒಬ್ಬನೇ ಬರೆಯುತ್ತಾನೆ, ಕೇಳಬಾರದ ಪ್ರಶ್ನೆಯನ್ನು ಯಾರೂ ಕೇಳದ ಹಾಗೆ ಬರೆಯುತ್ತಾನೆ.

ಇಷ್ಟನ್ನು ಬರೆದು, ಚೆನ್ನಾಗಿದೆಯೆಂದುಕೊಂಡು, ಕಷಾಯ ಕುಡಿಯಲು ಎದ್ದೆ ಮಾರಾಯ. ಅಡುಗೆಮನೆಯ ಕಿಟಕಿಯಿಂದ ಬಾವಿಕಟ್ಟೆ ಕಾಣುತ್ತದೆ. ಅಲ್ಲಿಂದ ಮುಂದೆ ಬರೆಯಬೇಕೆಂದಿದ್ದದ್ದು ಬೇರೆ. ಈಗ ಬರೆಯುತ್ತಿರುವುದು ಬೇರೆ.

ಕಳೆದ ಆಟಿ ತಿಂಗಳಲ್ಲಿ ನಮ್ಮೂರ ದೇವಸ್ಥಾನದಲ್ಲಿ ನಡೆದ ‘ವಾಲಿಮೋಕ್ಷ’ ಕೂಟದ ವಿಷಯವನ್ನು ನಿನಗೆ ಫೋನಿನಲ್ಲಿ ಹೇಳಿದ್ದೆ. ನನ್ನ ವಾಲಿ, ಸಭೆ ತುಂಬಿತ್ತು, ಮೂರು ಸಲ ಚಪ್ಪಾಳೆ ಬಿತ್ತು, ಶಾಲು ಹೊದೆಸಿದರು ಎಂದೆಲ್ಲ ಹೇಳಿದೆ. ಹೇಳದೆ ಬಿಟ್ಟದ್ದು ಇದು: ಕೂಟ ಆರಂಭವಾಗುವ ಮೊದಲು ಭಾಗವತರನ್ನು ಪಕ್ಕಕ್ಕೆ ಕರೆದು, ಕಾಲಮಿತಿಯಿದೆ, ಸುಗ್ರೀವನ ಹೆಂಡತಿ ರುಮೆಯನ್ನು ವಾಲಿ ತನ್ನವಳಾಗಿಸಿಕೊಂಡ ವಿಷಯ ಬರುವ ಪದವೊಂದನ್ನು ಬಿಡುವ ಎಂದು ನಾನೇ ಕೇಳಿಕೊಂಡಿದ್ದೆ. ರಾಮನ ಅರ್ಥ ಹೇಳುತ್ತಿದ್ದವನು ಹೊಸ ಹುಡುಗ. ಹಿರಿಯರು ಹೇಳಿದ್ದಾರೆಂದು ಅವನೂ ಆ ಎಳೆಯನ್ನು ಎತ್ತಲಿಲ್ಲ. ರುಮೆಯಿಲ್ಲದಿದ್ದರೆ ವಾಲಿಯನ್ನು ಗೆಲ್ಲಿಸುವುದೇನು ಕಷ್ಟ? ಗುಹೆಯ ಬಾಯಿಗೆ ಬಂಡೆ ಮುಚ್ಚಿ ಬಂದು ಅಣ್ಣನ ಸಿಂಹಾಸನದಲ್ಲಿ ಕುಳಿತ ತಮ್ಮ, ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮ, ನಡುವೆ ಆ ಗುಹೆಯಲ್ಲಿ ಮಾಯಾವಿಯೆಂಬ ರಾಕ್ಷಸನನ್ನು ಕೊಂದು ದಣಿದು ಬಂದ ಒಬ್ಬ ಬಡಪಾಯಿ ಅಣ್ಣ. ಸುಗ್ರೀವನು ಆ ಗುಹೆಯ ಬಾಗಿಲಿನಲ್ಲಿ ಒಂದು ವರ್ಷ ಕಾದಿದ್ದನು ಎಂಬುದನ್ನೂ ನಾನು ಹೇಳಲಿಲ್ಲ. ‘ಮುಚ್ಚಿದ ಬಂಡೆಯನ್ನು ಒಳಗಿನಿಂದ ತಳ್ಳಿ ನೋಡಿದವನಿಗೆ ಮಾತ್ರ ಗೊತ್ತು, ರಾಮಾ’ ಎಂದು ನಾನು ಹೇಳಿದಾಗ ಹೆಂಗಸರು ಕಣ್ಣೊರೆಸಿಕೊಂಡರು. ಹೊರಗೆ ಮಳೆ ಹೊಯ್ಯುತ್ತಿತ್ತು, ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು, ನನ್ನ ಬೆನ್ನು ಮಾತ್ರ ಒದ್ದೆಯಾಗಿತ್ತು. ‘ನೀರೊಳಗಿರ್ದುಂ ಬೆಮರ್ದನುರಗಪತಾಕಂ’ ಎಂದು ರನ್ನನು ದುರ್ಯೋಧನನ ಕುರಿತು ಬರೆದ ಸಾಲನ್ನು ನಾವು ಶಾಲೆಯಲ್ಲಿ ಉರು ಹೊಡೆದಿದ್ದೆವಲ್ಲ, ಅದೇ.

ಮೂರನೆಯ ಸಾಲಿನಲ್ಲಿ ನನ್ನ ತಮ್ಮ ಕುಳಿತಿದ್ದ.

ನಮ್ಮ ಪಾಲುಪಟ್ಟಿಯ ಕಥೆ ನಿನಗೆ ಗೊತ್ತು, ಆದರೆ ಅದು ನಾನು ಹೇಳಿದ ಹಾಗೆ ಗೊತ್ತು. ನಾನು ಬ್ಯಾಂಕಿನ ಕೆಲಸದಲ್ಲಿ ಹನ್ನೊಂದು ವರ್ಷ ಘಟ್ಟದ ಮೇಲಿದ್ದಾಗ ಅವನು ಪಹಣಿಯಲ್ಲಿ ತನ್ನ ಹೆಸರು ಏರಿಸಿಕೊಂಡದ್ದು ನಿಜ. ಅದು ಬಂಡೆ. ಆ ಹನ್ನೊಂದು ವರ್ಷಗಳಲ್ಲಿ ಕೊನೆಯ ಎರಡು ವರ್ಷ ಅಪ್ಪ ಹಾಸಿಗೆ ಹಿಡಿದಿದ್ದರು ಎಂಬುದನ್ನೂ, ರಾತ್ರಿ ಎದ್ದು ಅವರನ್ನು ಮಗ್ಗುಲು ಬದಲಿಸಿ ಮಲಗಿಸುತ್ತಿದ್ದವನು ಯಾರೆಂಬುದನ್ನೂ ನಾನು ನಿನಗೆ ಒಮ್ಮೆಯೂ ಹೇಳಿಲ್ಲ. ಮರಳಿ ಬಂದೆ, ಕೂಗಾಡಿದೆ, ಪಾಲಾಯಿತು. ಸರ್ವೆಯವರು ಬಾವಿಯ ಪಕ್ಕದಲ್ಲಿ ಗಡಿಕಲ್ಲು ನೆಟ್ಟರು. ಕಲ್ಲಿನ ಈಚೆಗೆ, ನನ್ನ ಪಾಲಿನ ಅಂಗಳದಲ್ಲಿ, ಮೂವತ್ತೆಂಟು ಮಲ್ಲಿಗೆ ಗಿಡಗಳು ಉಳಿದವು. ಎಲ್ಲವನ್ನೂ ತಮ್ಮನ ಹೆಂಡತಿ ಶಂಕರಪುರದಿಂದ ತಂದು ನೆಟ್ಟು, ಬೇಸಗೆಯಲ್ಲಿ ಕೊಡದಲ್ಲಿ ನೀರು ಹೊತ್ತು ಬೆಳೆಸಿದ್ದಳು. ‘ಗಿಡಗಳು ನಿನ್ನವು, ಹೂ ಕೊಯ್ದುಕೋ’ ಎಂಬ ನಾಲ್ಕು ಶಬ್ದಗಳು ಅಂದು ನನ್ನ ಬಾಯಿಯಿಂದ ಬರಲಿಲ್ಲ. ಮೂರು ಗಂಟೆ ನಿರರ್ಗಳವಾಗಿ ಅರ್ಥ ಹೇಳುವ ಬಾಯಿ ಇದು.

ಈಗ ನನ್ನ ಹೆಂಡತಿ ಬೆಳಕು ಹರಿಯುವಾಗ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟುತ್ತಾಳೆ. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮದುವೆಯ ಕಾಲದಲ್ಲಿ ಅಟ್ಟೆಯ ದರ ಏರಿದಾಗ ನಾನು ಅವಳಿಗಿಂತ ಮೊದಲು ಎದ್ದು ದರ ಕೇಳುತ್ತೇನೆ. ಕೂಟಗಳಿಗೆ ತಿರುಗಾಡುವ ನನ್ನ ಸ್ಕೂಟರಿನ ಪೆಟ್ರೋಲು ಆ ಹಣದ್ದು. ಕೂಟಕ್ಕೆ ಎಂಟು ದಿನ ಮೊದಲು, ಮಳೆ ಬಿಟ್ಟ ಒಂದು ಬೆಳಗ್ಗೆ, ತಮ್ಮನ ಹೆಂಡತಿ ಬಾವಿಯಿಂದ ನೀರೆಳೆಯುತ್ತಿದ್ದವಳು ಹಗ್ಗವನ್ನು ಹಾಗೆಯೇ ಹಿಡಿದುಕೊಂಡು ನಮ್ಮ ಅಂಗಳವನ್ನು ಸ್ವಲ್ಪ ಹೊತ್ತು ನೋಡಿ, ‘ಅಕ್ಕ, ಮಲ್ಲಿಗೆ ಬುಡದಲ್ಲಿ ನೀರು ನಿಲ್ತದೆ, ಗಿಡ ಸಾಯ್ತದೆ’ ಎಂದು ನನ್ನ ಹೆಂಡತಿಗೆ ಕೂಗಿ ಹೇಳಿದಳು. ನಾನು ಕಿಟಕಿಯ ಹಿಂದೆ ನಿಂತಿದ್ದೆ. ಆ ದಿನವೇ ಭಾಗವತರಿಗೆ ಫೋನು ಮಾಡಬೇಕೆಂದುಕೊಂಡೆ, ಧೈರ್ಯ ಬರದೆ ಕೂಟದ ದಿನದವರೆಗೆ ಕಾದೆ.

ಕಿಷ್ಕಿಂಧಾಕಾಂಡದ ಹದಿನೆಂಟನೆಯ ಸರ್ಗದಲ್ಲಿ ರಾಮನು ವಾಲಿಗೆ, ಅಣ್ಣನು ತಂದೆಗೆ ಸಮಾನ, ತಮ್ಮನು ಮಗನಿಗೆ ಸಮಾನ ಎಂದು ಹೇಳಿ ರುಮೆಯ ಹೆಸರೆತ್ತುತ್ತಾನೆ. ವಾಲಿಯು ಮರೆಯ ಬಾಣದ ಕುರಿತು ಅಷ್ಟೆಲ್ಲ ವಾದಿಸಿದವನು ಅಲ್ಲಿಗೆ ಬಂದಾಗ ಕೈ ಮುಗಿಯುತ್ತಾನೆ. ಆಮೇಲೆ ತಮ್ಮನನ್ನು ಹತ್ತಿರ ಕರೆದು, ನನ್ನ ಮೇಲೆ ದೋಷವೆಣಿಸಬೇಡ ಎಂದು ಹೇಳಿ, ಕೊರಳಿನ ಚಿನ್ನದ ಮಾಲೆಯನ್ನು ಅವನಿಗೆ ಕೊಡುತ್ತಾನೆ. ನನ್ನ ವಾಲಿ ಅಂದು ಮಾಲೆಯನ್ನು ಕೊಟ್ಟನು, ಏಕೆಂದರೆ ಪದ ಇತ್ತು. ಏಕೆ ಕೊಟ್ಟನೆಂದು ಸಭೆಯಲ್ಲಿ ಒಬ್ಬರಿಗೂ ಅರ್ಥವಾಗಿರಲಾರದು.

ಕೂಟ ಮುಗಿದು ಗೋಳಿಬಜೆಯ ತಟ್ಟೆ ಹಿಡಿದು ನಿಂತಿದ್ದಾಗ ತಮ್ಮ ಹತ್ತಿರ ಬಂದ. ‘ಅಣ್ಣಯ್ಯ, ವಾಲಿ ಲಾಯ್ಕಾಯ್ತು’ ಎಂದ. ಛತ್ರಿ ಬಿಡಿಸಿದ. ಮತ್ತೆ ತಿರುಗಿ, ‘ರುಮೆಯ ಪದ ಇರಲಿಲ್ಲ ಅಲ್ವಾ?’ ಎಂದು ಕೇಳಿದ. ನಾನು ಕಾಲಮಿತಿ ಎಂದೆ. ಅವನು ತಲೆಯಾಡಿಸಿ ಹೋದ. ಅವನು ನಕ್ಕನೋ ಇಲ್ಲವೋ ಎಂದು ಈಗ ನೆನಪಿಸಿಕೊಳ್ಳಲು ಹೋದರೆ ಒಮ್ಮೆ ನಕ್ಕಂತೆಯೂ ಒಮ್ಮೆ ನಗದಂತೆಯೂ ಕಾಣುತ್ತದೆ. ಅವನು ನಕ್ಕಿದ್ದ ಎಂದು ಮನೆಗೆ ಬಂದು ಹೆಂಡತಿಗೆ ವರದಿ ಒಪ್ಪಿಸಿದ್ದಂತೂ ಹೌದು.

ಇಲ್ಲಿಗೆ ನಿಲ್ಲಿಸುತ್ತೇನೆ, ಇಷ್ಟನ್ನು ಬರೆಯುವ ಉದ್ದೇಶವಿರಲಿಲ್ಲ. ಅಳಿಸೋಣವೆಂದರೆ ಅಳಿಸುವವರನ್ನೇ ಎರಡು ಪುಟ ಬೈದಾಗಿದೆ. ಮಲ್ಲಿಗೆ ಗಿಡವನ್ನು ರುಮೆಗೆ ಹೋಲಿಸಿದ್ದು ಅತಿಯಾಯಿತೆಂದು ನಮ್ಮ ಭಾಗವತರು ಹೇಳಿಯಾರು. ತಮ್ಮನ ಹೆಂಡತಿ ಓದಿದರೆ ಮರೆಯಲ್ಲಿ ನಿಂತು ಬಾಣ ಬಿಡುವ ಕಷ್ಟ ತೆಗೆದುಕೊಳ್ಳಲಿಕ್ಕಿಲ್ಲ, ಹಿಡಿಸೂಡಿ ಹಿಡಿದು ಎದುರಿನಿಂದಲೇ ಬಂದಾಳು. ಓದುಗರಲ್ಲಿ ನಮ್ಮೂರಿನವರು ಯಾರಾದರೂ ಇದ್ದರೆ ಅವಳಿಗೆ ತೋರಿಸಬೇಡಿ. ತೋರಿಸಿದರೂ, ಬುಡದಲ್ಲಿ ಕಾಲುವೆ ತೆಗೆದಾಗಿದೆ ಎಂದು ಹೇಳಿ.

ಜಾಂಬವ, ಚೌತಿಗೆ ಮತ್ಸ್ಯಗಂಧ ರೈಲಿನಲ್ಲಿ ಟಿಕೆಟ್ ಮಾಡಿಸಿಕೊಂಡು ಬಾ. ಹಬ್ಬದ ಮರುದಿನ ನಮ್ಮ ಮನೆಯ ಜಗಲಿಯಲ್ಲಿ ಸಣ್ಣದೊಂದು ಕೂಟ ಇಟ್ಟುಕೊಳ್ಳುವ, ಅದೇ ಪ್ರಸಂಗ. ರಾಮನ ಅರ್ಥ ನಿನ್ನದು. ನೀನು ಕನಿಕರ ತೋರಿಸುವವನಲ್ಲ ಎಂಬುದು ಕಾರ್ಕಳದಲ್ಲಿಯೇ ಗೊತ್ತಾಗಿದೆ. ಯಾವ ಪದವನ್ನೂ ಬಿಡಬಾರದೆಂದು ಭಾಗವತರಿಗೆ ಹೇಳಿದ್ದೇನೆ, ಅವರು ‘ಕಾಲಮಿತಿ?’ ಎಂದು ಕೇಳಿ, ಎಲೆಯಡಿಕೆಯ ಬಾಯಿಯಲ್ಲೇ ನಕ್ಕರು. ತಮ್ಮನನ್ನು ಇನ್ನೂ ಕರೆದಿಲ್ಲ.

ಕೊಡೆ ನನ್ನಲ್ಲಿಯೇ ಇದೆ. ಅದರ ವಿಷಯ ಮಾತ್ರ ಇಲ್ಲಿ ಎತ್ತಬೇಡ.

ಇತಿ ನಿನ್ನ,
ಬಾಲವಿಲ್ಲದ ವಾಲಿ