ಯಾರಿಗೆ ಹೇಳಬೇಕು ಅನ್ನೋದು ಇನ್ನು ನಿನ್ನ ಲೆಕ್ಕ

ಮಗಳೇ,

'ಪುಟ್ಟಿ' ಅಂತ ಶುರು ಮಾಡಿದ್ದೆ, ಹೊಡೆದುಹಾಕಿದೆ. ಹಾಗೆ ಕರೀಬೇಡ ಅಂದಿದ್ದೀಯ, ನೆನಪಿದೆ.

ಪ್ರವಾಸದ ವಿಷಯ ಬಾಯಲ್ಲಿ ಹೇಳೋದಕ್ಕಿಂತ ಬರೆದುಕೊಟ್ಟರೆ ನಿನಗೆ ಅನುಕೂಲ. ಬೇಕಾದಷ್ಟು ಸಲ ಓದಬಹುದು. ನಾನು ಎದುರಿಗೆ ಕೂತು ಉತ್ತರಕ್ಕೆ ಕಾಯೋದೂ ಇಲ್ಲ. ಮೊದಲೆಲ್ಲ ಫೋಟೋ ಅಂಟಿಸಿ ಪುಟ್ಟ ಪುಸ್ತಕ ಮಾಡಿಕೊಡುತ್ತಿದ್ದೆ, ಅಲ್ವಾ? ಆಟಿಸಂ ಇರೋ ಮಕ್ಕಳಿಗೆ ಮುಂದೆ ಏನು ನಡೆಯುತ್ತದೆ ಅಂತ ಮೊದಲೇ ತಿಳಿಸೋ ಅಂಥ ಪುಸ್ತಕಕ್ಕೆ 'ಸೋಶಿಯಲ್ ಸ್ಟೋರಿ' ಅಂತಾರೆ. ಅಮೆರಿಕದ ಶಿಕ್ಷಕಿ ಕ್ಯಾರಲ್ ಗ್ರೇ 1990ರ ದಶಕದ ಶುರುವಿನಲ್ಲಿ ರೂಪಿಸಿದ ಪದ್ಧತಿ. ಈಗ ನಿನಗೆ ಅದು ಚಿಕ್ಕಮಕ್ಕಳ ಪುಸ್ತಕ ಅನ್ನಿಸುತ್ತದೆ. ಹಾಗಾಗಿ ವಿಮಾನ ನಿಲ್ದಾಣದ ನಕ್ಷೆಯನ್ನೇ ಕಳಿಸಿದ್ದೇನೆ. ನನಗಿಂತ ಚೆನ್ನಾಗಿ ಅದನ್ನು ನೀನೇ ಓದುತ್ತೀಯ.

ಒಂದೇ ಊರು, ಸಮುದ್ರದ ಹತ್ತಿರ. ಹೋದ ದಿನದಿಂದ ವಾಪಸ್ ಬರೋವರೆಗೂ ಅದೇ ರೂಮು. ದಿನಕ್ಕೆ ಆರು ಜಾಗ ನೋಡಿ, ಪ್ರತಿ ಜಾಗದಲ್ಲೂ ಫೋಟೋ ತೆಗೆದು, ರಾತ್ರಿ ಕಾಲು ನೋವು ಅಂತ ನರಳೋ ಪ್ರವಾಸ ನನಗೆ ಯಾವತ್ತೂ ಹಿಡಿಸಿಲ್ಲ. ನಿನ್ನ ನೆಪದಲ್ಲಿ ನನಗೂ ಅದು ತಪ್ಪಿತು.

ನಿನಗೆ ಜಾಸ್ತಿ ಕಷ್ಟ ಆಗೋದು ವಿಮಾನದೊಳಗಲ್ಲ, ಸೆಕ್ಯುರಿಟಿ ಚೆಕ್‌ನಲ್ಲಿ ಅಂತ ನನ್ನ ಅಂದಾಜು. ಅಲ್ಲಿ ನಡೆಯೋದು ಹೀಗೆ. ಬ್ಯಾಗನ್ನು ಟ್ರೇಯಲ್ಲಿ ಇಡಬೇಕು. ಹೆಡ್‌ಫೋನನ್ನೂ ತೆಗೆದು ಇಡು ಅನ್ನಬಹುದು. ಟ್ರೇ ಬೆಲ್ಟ್ ಮೇಲೆ ಸಾಗಿ ರಬ್ಬರ್ ಪರದೆಯ ಒಳಗೆ ಹೋಗುತ್ತದೆ. ಒಳಗಿರೋದು ಎಕ್ಸ್‌ರೇ ಯಂತ್ರ. ಆ ಕಡೆಯಿಂದ ಹಾಗೇ ಹೊರಗೆ ಬರುತ್ತದೆ. ನಡುವೆ ಬೆಲ್ಟ್ ನಿಲ್ಲಬಹುದು, ಹಿಂದಕ್ಕೂ ಹೋಗಬಹುದು. ಒಳಗಿನ ಚಿತ್ರವನ್ನು ಇನ್ನೊಂದು ಸಲ ನೋಡುತ್ತಿದ್ದಾರೆ ಅಂತ ಅರ್ಥ. ತಮ್ಮ ನಿನಗಿಂತ ಮುಂದೆ ಹೋಗಿ ಆ ಕಡೆ ನಿಂತಿರುತ್ತಾನೆ. ನಿನ್ನ ಬ್ಯಾಗ್ ಬಂದ ಕೂಡಲೇ ತೆಗೆದುಕೊಳ್ಳೋದು ಅವನ ಕೆಲಸ. ಕೇಳಿದೆ, ಒಪ್ಪಿಕೊಂಡಿದ್ದಾನೆ. ಬದಲಿಗೆ ಕಿಟಕಿ ಸೀಟು ಬೇಕಂತೆ, ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನೀನು ಲೋಹ ಪತ್ತೆ ಮಾಡೋ ಚೌಕಟ್ಟಿನ ಒಳಗಿಂದ ನಡೆದು ಹೋಗಬೇಕು. ಅದು ಕೂಗಿದರೆ ನೀನೇನೋ ತಪ್ಪು ಮಾಡಿದೆ ಅಂತ ಅಲ್ಲ. ಬೆಲ್ಟಿನ ಬಕಲ್‌ಗೂ ಕೂಗುತ್ತದೆ. ಆಮೇಲೆ ಮಹಿಳಾ ಸಿಬ್ಬಂದಿ ಕೈಯಿಂದ ಮುಟ್ಟಿ ನೋಡಬಹುದು. ಮೆಲ್ಲಗೆ, ಹಗುರವಾಗಿ ಮುಟ್ಟಿದರೇ ನಿನಗೆ ಹಿಂಸೆ ಜಾಸ್ತಿ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? 'ಎಲ್ಲಿ ಮುಟ್ಟುತ್ತೀರಿ ಅಂತ ಮೊದಲೇ ಹೇಳಿ, ಸ್ವಲ್ಪ ಒತ್ತಿ ಮುಟ್ಟಿ' ಅಂತ ಕೇಳಬಹುದು. ಮಾತು ಬರದೆ ಹೋದರೆ ತೋರಿಸೋಕೆ ಇದೇ ಸಾಲನ್ನು ಒಂದು ಕಾರ್ಡಿನ ಮೇಲೆ ಬರೆದಿದ್ದೇನೆ. ನಿನ್ನ ಜೇಬಲ್ಲಿರಲಿ.

ಇನ್ನು ಸದ್ದು. ವಿಮಾನ ಮೇಲೆ ಹಾರುತ್ತಿರುವಾಗ ಒಳಗೆ ಸುಮಾರು 80 ಡೆಸಿಬಲ್ ಇರುತ್ತದೆ. ಒಂದೇ ಸಮ ಗುಂಯ್ ಅನ್ನೋ ಸದ್ದು. ಇದನ್ನು ನಿನ್ನ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಚೆನ್ನಾಗಿ ತಗ್ಗಿಸುತ್ತದೆ. ಆದರೆ ಮಗು ಅಳೋದು, ಟಿಂಗ್ ಅಂತ ಗಂಟೆ, ಥಟ್ಟನೆ ಬರೋ ಘೋಷಣೆ, ಇವಕ್ಕೆ ಅದು ಅಷ್ಟಾಗಿ ಆಗೋದಿಲ್ಲ. ಒಳಗೆ ಇಯರ್‌ಪ್ಲಗ್ ಹಾಕಿ ಮೇಲೆ ಹೆಡ್‌ಫೋನ್ ಹಾಕಿದರೆ ಹೇಗಿರುತ್ತೆ ಅಂತ ಮನೆಯಲ್ಲೇ ಒಂದು ಸಲ ನೋಡು. ಇಳಿಯುವಾಗ ಕಿವಿ ಕಟ್ಟಿಕೊಳ್ಳುತ್ತದೆ. ಒಳಗಿನ ಗಾಳಿಯ ಒತ್ತಡ ಏರುತ್ತದೆ, ಕಿವಿಯಿಂದ ಗಂಟಲಿಗೆ ಹೋಗೋ ಸಣ್ಣ ನಾಳ ತೆರೆದುಕೊಳ್ಳೋಕೆ ತಡ ಮಾಡುತ್ತದೆ, ಅಷ್ಟೇ. ನುಂಗಿದರೆ, ಆಕಳಿಸಿದರೆ, ಏನಾದರೂ ಅಗಿದರೆ ಬಿಟ್ಟುಕೊಳ್ಳುತ್ತದೆ. ಟಾಯ್ಲೆಟ್‌ಗೆ ಹೆಡ್‌ಫೋನ್ ಹಾಕಿಕೊಂಡೇ ಹೋಗು. ವಿಮಾನ ನಿಲ್ದಾಣದ ಟಾಯ್ಲೆಟ್ಟಿನಲ್ಲಿ ಕೈ ಒಣಗಿಸೋ ಯಂತ್ರ ನೀನು ಮುಟ್ಟದಿದ್ದರೂ ಪಕ್ಕದವರು ಕೈ ಒಡ್ಡಿದರೆ ಭುಸ್ಸೆನ್ನುತ್ತದೆ. ವಿಮಾನದ ಫ್ಲಶ್ ಅದಕ್ಕಿಂತ ಜೋರು.

ಈಗ ನಾನು ನಿಜವಾಗಿ ಕೇಳಬೇಕೆಂದಿದ್ದ ವಿಷಯ.

ಹಸಿರು ಪಟ್ಟಿಯ ಮೇಲೆ ಹಳದಿ ಸೂರ್ಯಕಾಂತಿ ಹೂವಿನ ಚಿತ್ರ, ಕೊರಳಿಗೆ ಹಾಕಿಕೊಳ್ಳೋದು. ನೋಡಿದ್ದೀಯ. ಲಂಡನ್ನಿನ ಗ್ಯಾಟ್‌ವಿಕ್ ವಿಮಾನ ನಿಲ್ದಾಣದಲ್ಲಿ 2016ರಲ್ಲಿ ಶುರುವಾಯಿತು. ಈಗ ಬೇರೆ ಬೇರೆ ದೇಶಗಳ ವಿಮಾನ ನಿಲ್ದಾಣಗಳಲ್ಲಿ ಇದೆ. ಹೊರಗೆ ಕಾಣಿಸದ ತೊಂದರೆ ಇದೆ, ಸ್ವಲ್ಪ ಸಮಯ ಬೇಕಾಗಬಹುದು ಅಂತ ಸಿಬ್ಬಂದಿಗೆ ಅದು ಹೇಳುತ್ತದೆ. ಆಟಿಸಂ ಅಂತ ಅದರಲ್ಲಿ ಬರೆದಿರೋದಿಲ್ಲ. ಹಾಕಿಕೊಂಡ ಮಾತ್ರಕ್ಕೆ ಸಾಲು ತಪ್ಪುತ್ತದೆ ಅಂತಲೂ ಇಲ್ಲ. ಇದಲ್ಲದೆ ಟಿಕೆಟ್ಟಿಗೇ ಒಂದು ಗುರುತು ಸೇರಿಸಬಹುದು. ವಿಮಾನ ಕಂಪನಿಯವರು ಡಿಪಿಎನ್‌ಎ ಅಂತಾರೆ. ಬುದ್ಧಿ ಅಥವಾ ಬೆಳವಣಿಗೆಗೆ ಸಂಬಂಧಿಸಿದ ತೊಂದರೆ ಇದ್ದು ಸಹಾಯ ಬೇಕಾದ ಪ್ರಯಾಣಿಕರು ಅಂತ ಅದರ ಅರ್ಥ. ಅದು ಅವರ ಕಂಪ್ಯೂಟರಿನಲ್ಲಿ ಮಾತ್ರ ಇರುತ್ತದೆ, ಸಾಲಿನಲ್ಲಿ ನಿಂತ ಬೇರೆಯವರಿಗೆ ಕಾಣಿಸೋದಿಲ್ಲ.

ಇಷ್ಟು ದಿನ ಯಾರಿಗೆ ಹೇಳಬೇಕು, ಎಷ್ಟು ಹೇಳಬೇಕು ಅನ್ನೋದನ್ನು ನಾನೂ ಅಪ್ಪನೂ ತೀರ್ಮಾನ ಮಾಡುತ್ತಿದ್ದೆವು. ನೀನು ಚಿಕ್ಕವಳಿದ್ದೆ, ಅದು ಸರಿಯಾಗಿಯೇ ಇತ್ತು. ಈಗ ನೀನು ನನ್ನಷ್ಟೇ ಎತ್ತರ. ರೈಲಿನಲ್ಲಿ ಎದುರು ಸೀಟಿನವರು ನಿನ್ನ ಮುಂದೆಯೇ 'ಇವಳು ಯಾಕೆ ಹೀಗೆ ಮಾಡ್ತಾಳೆ?' ಅಂತ ನನ್ನನ್ನು ಕೇಳಿದಾಗ, ನಾನು ಬಾಯಿ ತೆರೆಯೋ ಮೊದಲೇ ನೀನು 'ನನಗೆ ಕೇಳಿಸುತ್ತದೆ' ಅಂದೆ. ಕೈ ಆಡಿಸೋದನ್ನೂ ನಿಲ್ಲಿಸಲಿಲ್ಲ. ಅವರು ಇಳಿಯೋವರೆಗೂ ಪೇಪರಿನಿಂದ ತಲೆ ಎತ್ತಲಿಲ್ಲ. ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಡೇಮಿಯನ್ ಮಿಲ್ಟನ್ ಅಂತ ಒಬ್ಬ ಆಟಿಸ್ಟಿಕ್ ಸಂಶೋಧಕರಿದ್ದಾರೆ. ಅರ್ಥವಾಗದಿರೋದು ಎರಡೂ ಕಡೆಯ ಸಮಸ್ಯೆ, ಆಟಿಸಂ ಇರೋರದ್ದು ಮಾತ್ರ ಅಲ್ಲ ಅಂತ 2012ರಲ್ಲಿ ಬರೆದರು. ಅವತ್ತು ಆ ರೈಲಿನಲ್ಲಿ ಅರ್ಥವಾಗದೆ ಕೂತಿದ್ದು ನೀನಂತೂ ಅಲ್ಲ.

ಹಾಗಾಗಿ ಪಟ್ಟಿ ಹಾಕಬೇಕೋ ಬೇಡವೋ ನೀನೇ ಹೇಳು. ಜೇಬಲ್ಲಿಟ್ಟುಕೊಂಡು ಬೇಕಾದಾಗ ತೆಗೆದು ಹಾಕಿಕೊಳ್ಳಬಹುದು. ಟಿಕೆಟ್ಟಿಗೆ ಗುರುತು ಮಾತ್ರ ಸಾಕು ಅನ್ನಬಹುದು. ಎರಡೂ ಬೇಡ ಅಂದರೂ ಸರಿ, ಆಗ ಸಾಲು ಉದ್ದ ಇದ್ದರೆ ಎಲ್ಲರ ಹಾಗೆ ನಿಲ್ಲಬೇಕಾಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಗುರುತು ಸೇರಿಸೋದು ಒಳ್ಳೆಯದು. ಕೇಳದಿದ್ದರೆ ಬಿಡು.

ಅಲ್ಲಿ ಹೋದಮೇಲೆ ನಾಲ್ಕೂ ಜನ ಇಡೀ ದಿನ ಅಂಟಿಕೊಂಡಿರಬೇಕು ಅಂತೇನಿಲ್ಲ. ತಮ್ಮನಿಗೆ ವಾಟರ್ ಪಾರ್ಕ್ ಹುಚ್ಚು. ಅಪ್ಪ ಅವನನ್ನು ಕರೆದುಕೊಂಡು ಹೋಗುತ್ತಾರೆ, ನಾವಿಬ್ಬರೂ ರೂಮಿನಲ್ಲೇ ಇರೋಣ. ಅವನಿಗೆ ನಿನ್ನಿಂದ ಏನೂ ತಪ್ಪಿಹೋಗುತ್ತಿಲ್ಲ. ಅವನು ಹಾಗೆ ಅಂದರೆ ಅದು ಜಗಳದ ಮಾತು, ನನಗೆ ಬಿಡು. ಬೆಳಗ್ಗೆ ಜನ ಬರೋ ಮೊದಲು ಸಮುದ್ರಕ್ಕೆ ಹೋಗೋಣ. ಮರಳು ಕಾಲಿಗೆ ಅಂಟೋದು ನಿನಗೆ ಆಗೋದಿಲ್ಲ, ನೀರಿನ ಶೂ ತಂದಿದ್ದೇನೆ. ಒಳಗಿನ ಹೊಲಿಗೆಯನ್ನು ಬೆರಳಲ್ಲಿ ಮುಟ್ಟಿ ನೋಡಿದೆ, ಚುಚ್ಚೋದಿಲ್ಲ ಅನ್ನಿಸಿತು. ನೀನೂ ನೋಡು, ಬೇಡವಾದರೆ ವಾಪಸ್ ಕೊಡೋಕೆ ಟ್ಯಾಗ್ ಕತ್ತರಿಸಿಲ್ಲ.

ಎಲ್ಲಿಯಾದರೂ ಸಾಕು ಅನ್ನಿಸಿದರೆ ನನ್ನ ಮಣಿಕಟ್ಟನ್ನು ಎರಡು ಸಲ ಒತ್ತು. ಕಾರಣ ಕೇಳೋದಿಲ್ಲ, ಹೊರಗೆ ಕರೆದುಕೊಂಡು ಬರುತ್ತೇನೆ. ಊಟದ ನಡುವೆ ಆದರೂ ಸರಿ, ದುಡ್ಡು ಕೊಟ್ಟ ಟಿಕೆಟ್ ಆದರೂ ಸರಿ. ಅಷ್ಟರೊಳಗೇ ಮೆಲ್ಟ್‌ಡೌನ್ ಆಗಿ, ತಡೆಯೋಕಾಗದೆ ಅಳು, ಕೂಗು ಬಂದುಬಿಟ್ಟರೆ ನಾನು ಪಕ್ಕದಲ್ಲಿ ಸುಮ್ನೆ ಕೂತಿರುತ್ತೇನೆ, ಮಾತಾಡೋದಿಲ್ಲ. ಸುತ್ತ ನಿಂತು ನೋಡೋರನ್ನು ಕಳಿಸೋದು ಅಪ್ಪನ ಕೆಲಸ. ಅದರಲ್ಲಿ ಅವರು ಪಳಗಿದ್ದಾರೆ.

ಈ ಕಾಗದದ ಹಿಂದೆಯೇ ಉತ್ತರ ಬರೆದಿಡು. ಪಟ್ಟಿ ಬೇಕಾ? ಟಿಕೆಟ್ಟಿಗೆ ಗುರುತು ಹಾಕಿಸಲಾ? ಕಿಟಕಿ ಸೀಟು ನಿನಗಾ, ತಮ್ಮನಿಗಾ? ಹೋಗುವಾಗ ಒಬ್ಬರು, ಬರುವಾಗ ಒಬ್ಬರು ಅಂತಲೂ ಮಾಡಬಹುದು. ಭಾನುವಾರದೊಳಗೆ ಬೇಕು, ಯಾಕಂದರೆ ಸಹಾಯ ಬೇಕಿದ್ದರೆ 48 ಗಂಟೆ ಮೊದಲೇ ತಿಳಿಸಿ ಅಂತ ವಿಮಾನದವರು ಹೇಳುತ್ತಾರೆ.

ಅಮ್ಮ